ಒಂಟಿ ನಳಿಗೆ ಕೋವಿ: ಕಬ್ಬಿಣ ಮುಟ್ಟದೆ ಮರ ಸರಿಮಾಡಿದ್ದು

ನಮ್ಮ ಮನೆಯಲ್ಲಿರುವುದು 12 ಬೋರಿನ ಒಂಟಿ ನಳಿಗೆ ಕೋವಿ, ಅಂದರೆ ಚಿಕ್ಕ ಚಿಕ್ಕ ಗುಂಡುಗಳನ್ನು ಒಟ್ಟಿಗೆ ಹಾರಿಸುವ ಶಾಟ್‌ಗನ್. ನಡುವೆ ಮಡಚಿ, ಹಿಂದಿನಿಂದ ತೋಟಾ ಹಾಕುವಂಥದ್ದು. ಕೊಡಗಿನಲ್ಲಿ ಇದೇನೂ ಅಪರೂಪವಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷ ಮುಂದುವರಿಸಿತು.

ಕೋವಿ ರಿಪೇರಿಗೆ ತೆಗೆದಿದ್ದೇನೆ ಅಂದ ಕೂಡಲೇ ಹುಡುಗರು ಕೇಳುವುದು ಒಂದೇ. ‘ಇದಕ್ಕೆ ರೈಫಲ್ ನಳಿಗೆ ಕೂರಿಸಬಹುದಲ್ವಾ? ಅಮೆರಿಕದಲ್ಲಿ ಮಾಡ್ತಾರಂತೆ.’ ಮಾಡುತ್ತಾರೆ, ನಿಜ. ಅಲ್ಲಿ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಂಪನಿ ಇಂಥ ಕೋವಿಗಳಿಗೆ ಬೇರೆ ಬೇರೆ ನಳಿಗೆಗಳನ್ನೇ ಮಾರುತ್ತಿತ್ತು. ಆದರೆ ನಳಿಗೆ ಕೂರುವ ಕಬ್ಬಿಣದ ಚೌಕಟ್ಟನ್ನು ಕಾರ್ಖಾನೆಗೆ ಕಳಿಸಿ ಜೋಡಿಸಿಕೊಳ್ಳಬೇಕಿತ್ತು. ಶಾಟ್‌ಗನ್‌ಗೆಂದೇ ಮಾಡಿದ ಹಳೆಯ ಚೌಕಟ್ಟಿಗೆ ಜೋರಿನ ರೈಫಲ್ ನಳಿಗೆ ಹಾಕಿಕೊಡುತ್ತಿರಲಿಲ್ಲ. ಕಾರಣ ಸುಲಭ. ಮಾಮೂಲಿ 12 ಬೋರ್ ತೋಟಾಗೆ ಅಲ್ಲಿನ ಒತ್ತಡದ ಮಿತಿ ಚದರ ಇಂಚಿಗೆ 11,500 ಪೌಂಡ್. ಥರ್ಟಿ-ಆಟ್-ಸಿಕ್ಸ್ ಅನ್ನುವ ರೈಫಲ್ ತೋಟಾಗೆ 60,000. ಅಷ್ಟನ್ನೂ ತಡೆಯಬೇಕಾದದ್ದು ಮುಖದ ಹತ್ತಿರವೇ ಇರುವ ಒಂದು ಸಣ್ಣ ಚಿಲಕ. ನಮ್ಮಲ್ಲಂತೂ ಕಾನೂನೂ ಬಿಡುವುದಿಲ್ಲ. ಲೈಸೆನ್ಸ್ ಇಲ್ಲದೆ ಒಂದು ಬಗೆಯ ಕೋವಿಯನ್ನು ಇನ್ನೊಂದು ಬಗೆಗೆ ಬದಲಿಸುವುದು ಶಸ್ತ್ರಾಸ್ತ್ರ ಕಾಯಿದೆಯಡಿ ಅಪರಾಧ. ಹಾಗಾಗಿ ನನ್ನ ಹವ್ಯಾಸವೆಲ್ಲ ಮರದ ಮೇಲೆ.

ಮೊದಲು ಕೋವಿ ಮಡಚಿ, ತೋಟಾ ಕೂರುವ ಕೋಣೆ ಖಾಲಿಯಿದೆಯೇ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡುತ್ತೇನೆ. ನಾನು ಕೆಲಸಕ್ಕೆ ಕೂತ ಮನೆಯ ಕೋಣೆಯಲ್ಲೇ ತೋಟಾಗಳು ಇರಕೂಡದು. ನಳಿಗೆಯ ಕೆಳಗಿರುವ ಮುಂದಿನ ಮರ ತೆಗೆದರೆ ನಳಿಗೆ ಕೈಗೆ ಬರುತ್ತದೆ. ಹೆಗಲಿಗೆ ಒತ್ತುವ ಹಿಂಬದಿ ತಟ್ಟೆಯ ಎರಡು ಸ್ಕ್ರೂ ಬಿಚ್ಚಿದರೆ ಒಳಗೆ ಆಳದಲ್ಲಿ ಮರವನ್ನು ಚೌಕಟ್ಟಿಗೆ ಹಿಡಿದಿಟ್ಟ ಒಂದು ಉದ್ದ ಬೋಲ್ಟ್ ಕಾಣುತ್ತದೆ. ಬಾಯಿಗೆ ಸರಿಯಾಗಿ ಕೂರುವ ಉದ್ದ ಸ್ಕ್ರೂಡ್ರೈವರ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಜಾರಿದರೆ ಒಳಗಿನ ಮರವೇ ಸೀಳುತ್ತದೆ.

ನಮ್ಮ ಕೋವಿಯ ಮರ ವಾಲ್ನಟ್. ಕಬ್ಬಿಣಕ್ಕೆ ತಾಗುವ ಕಡೆ ಕಪ್ಪಾಗಿ ಮೆತ್ತಗಾಗಿತ್ತು. ಅದು ಕೊಳೆಯಲ್ಲ, ಎಣ್ಣೆ. ಜಾಸ್ತಿ ಎಣ್ಣೆ ಬಿಟ್ಟು ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಲ್ಲ ಇಳಿದು ಮರ ಸೇರುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಹಚ್ಚಿದೆ. ಒಣಗಿದಾಗ ಪುಡಿ ಹಳದಿಯಾಗಿ ಎಣ್ಣೆ ಎಳೆದುಕೊಂಡಿರುತ್ತದೆ. ಪುಡಿ ಬೆಳ್ಳಗೆ ಉಳಿಯುವವರೆಗೂ ಬಿಡದೆ ಹಚ್ಚಬೇಕು. ಬೇಸರದ ಕೆಲಸ, ಆದರೆ ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಪಾಲಿಶೂ ನಿಲ್ಲುವುದಿಲ್ಲ.

ಹಳೆಯ ವಾರ್ನಿಷನ್ನು ಪೇಂಟ್ ರಿಮೂವರ್‌ನಿಂದಲೇ ತೆಗೆಯಿರಿ. ಉಪ್ಪುಕಾಗದ ಹಿಡಿದು ಉಜ್ಜಿದರೆ ಮರ ಕಬ್ಬಿಣಕ್ಕಿಂತ ತಗ್ಗಾಗುತ್ತದೆ, ಅಂಚುಗಳ ಚೂಪು ಹೋಗುತ್ತದೆ. ಪೇಟೆಯಲ್ಲಿ ‘ಹೊಸದು ಮಾಡಿದ’ ಕೋವಿಗಳಲ್ಲಿ ನನಗೆ ಮೊದಲು ಕಣ್ಣಿಗೆ ಬೀಳುವುದೇ ಇದು. ಗುಂಡಿ ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಆವಿಗೆ ನಾರು ಉಬ್ಬಿ ಮೇಲೆ ಬರುತ್ತದೆ. ನಾರು ಕತ್ತರಿಸಿಹೋದ ಗಾಯ ಮಾತ್ರ ಹಾಗೆ ಏಳುವುದಿಲ್ಲ. ಅಂಥದ್ದನ್ನು ಬಿಟ್ಟುಬಿಟ್ಟೆ, ಅಜ್ಜನ ಕಾಲದ ಗುರುತು ಇರಲಿ. ಕೊನೆಗೆ ಮರ ಒದ್ದೆ ಮಾಡಿ, ಒಣಗಿಸಿ, ಎದ್ದ ರೋಮವನ್ನಷ್ಟೇ 320 ನಂಬರಿನ ಕಾಗದದಲ್ಲಿ ಹಗುರವಾಗಿ ಸವರಿದೆ.

ಹಚ್ಚಿದ್ದು ಅಗಸೆ ಎಣ್ಣೆ. ಹಸಿ ಎಣ್ಣೆ ನಮ್ಮ ಮಳೆಯಲ್ಲಿ ಒಣಗುವುದೇ ಇಲ್ಲ. ಅಂಗಡಿಯಲ್ಲಿ ‘ಬಾಯಿಲ್ಡ್ ಲಿನ್ಸೀಡ್’ ಅಂತ ಕೇಳಿ. ಕೆಲವೇ ಹನಿ, ಅಂಗೈ ಬಿಸಿಯಾಗುವಷ್ಟು ಉಜ್ಜಿ, ಹತ್ತು ಹದಿನೈದು ನಿಮಿಷಕ್ಕೆ ಉಳಿದದ್ದನ್ನೆಲ್ಲ ಒರೆಸಬೇಕು. ಪೂರಾ ಒಣಗಿದ ಮೇಲೆಯೇ ಮುಂದಿನ ಕೋಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯೇರಿ ಬೆಂಕಿ ಹಿಡಿಯುತ್ತದೆ. ಹೊರಗೆ ಹರಡಿ ಒಣಗಿಸಿ.

ಕಬ್ಬಿಣದ್ದು ನಾನು ನೋಡುವುದಷ್ಟೇ, ಮಾಡುವುದಿಲ್ಲ. ಮುಂದಿನ ಮರ ಇಲ್ಲದೆ ನಳಿಗೆ ಮುಚ್ಚಿ ಅಲುಗಿಸಿದಾಗ ಕಟಕಟ ಅಂದರೆ ಕೀಲು ಸವೆದಿದೆ. ಅದು ಲೈಸೆನ್ಸ್ ಇರುವ ಮಿಸ್ತ್ರಿಯ ಕೆಲಸ. ಹಳೆಯ ಕೋವಿಯಾದರೆ ತೋಟಾ ಕೋಣೆಯ ಉದ್ದವನ್ನೂ ಅವರ ಹತ್ತಿರವೇ ಅಳೆಸಿ. ಎರಡೂವರೆ ಇಂಚಿನ ಕೋಣೆಗೆ ಎರಡೂಮುಕ್ಕಾಲು ಇಂಚಿನ ತೋಟಾ ಆರಾಮಾಗಿ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಎರಡೂಮುಕ್ಕಾಲು ಅನ್ನುವುದು ತೋಟಾ ಸಿಡಿದು ಬಾಯಿ ಬಿಚ್ಚಿದ ಮೇಲಿನ ಅಳತೆ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಕೊಡವರು ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದಿಗೆ ಮುಂಚೆ ಮುಗಿಸಬೇಕು ಅಂತಿದ್ದರೆ ಮಳೆ ಹಿಡಿಯುವ ಮೊದಲೇ ಶುರುಮಾಡಿ. ಹಬ್ಬ ಸೆಪ್ಟೆಂಬರ್ ಮೊದಲ ವಾರ. ಜುಲೈಯಲ್ಲಿ ಕೂತರೆ ಎಣ್ಣೆ ಕೈಗೆ ಅಂಟುತ್ತಲೇ ಇರುತ್ತದೆ, ಕೋವಿಗೆ ತೋಕ್ ಪೂ (ಹಬ್ಬದ ಹೂ) ಸಿಕ್ಕಿಸುವ ಹೊತ್ತಿಗೂ.