ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ವರ್ಷಗಟ್ಟಲೆ ನಿಲ್ಲುವ ನೆರವು: ಏರ್ಪಡಿಸುವುದು ಹೇಗೆ?

ಪಾರ್ಶ್ವವಾಯುವಿನಿಂದಲೋ ಮರೆವಿನ ಕಾಯಿಲೆಯಿಂದಲೋ ಹಾಸಿಗೆ ಹಿಡಿದವರಿರುವ ಮನೆಗೆ ಮೊದಲ ತಿಂಗಳು ನೆಂಟರು ಬರುತ್ತಾರೆ. ಮೂರನೆಯ ವರ್ಷಕ್ಕೆ ಬರುವವರು ವಿರಳ. ಕೆಲಸ ನಿಜವಾಗಿ ಭಾರವಾಗುವುದು ಆಗಲೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿ ಮನೆಗಳಲ್ಲಿ ಈ ಭಾರವನ್ನು ಹೆಚ್ಚಾಗಿ ಹೆಂಡತಿ ಅಥವಾ ಸೊಸೆ ಒಬ್ಬಳೇ ಹೊರುತ್ತಾಳೆ.

ಮೊದಲು ಒಂದು ವಾರದ ಕೆಲಸವನ್ನೆಲ್ಲ, ರಾತ್ರಿ ಎಷ್ಟು ಸಲ ಏಳಬೇಕಾಯಿತು ಎಂಬುದೂ ಸೇರಿದಂತೆ, ಒಂದು ಪುಸ್ತಕದಲ್ಲಿ ಬರೆದಿಡಬೇಕು. "ಹೇಗಿದ್ದೀರಿ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರವಷ್ಟೇ ಸಿಗುತ್ತದೆ; ಪುಸ್ತಕ ತೆರೆದಿಟ್ಟರೆ ಯಾವ ಕೆಲಸವನ್ನು ಯಾರಿಗೆ ಒಪ್ಪಿಸಬಹುದೆಂದು ಮಾತನಾಡುವುದು ಸುಲಭ.

ನಂತರ ಬದಲಿ ಆಳನ್ನು ಸಿದ್ಧಪಡಿಸಬೇಕು. ಗದ್ದೆ ತೋಟದ ಕೆಲಸಕ್ಕೆ ಮುಯ್ಯಾಳು ಪದ್ಧತಿ (ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಂತೆ ಕೂಲಿಯಿಲ್ಲದೆ ಬರುವುದು) ಇರುವ ಊರಿನಲ್ಲಿ ಆರೈಕೆಗೂ ಅದನ್ನೇ ಕೇಳಲು ಸಂಕೋಚವೇಕೆ ಎಂಬುದು ನನಗೆ ಅರ್ಥವಾಗದ ವಿಷಯ. ವಾರಕ್ಕೊಂದು ಮಧ್ಯಾಹ್ನ ಪಕ್ಕದ ಮನೆಯವರು ಕುಳಿತರೂ ಸಾಕು, ಆದರೆ ದಿನ ಮೊದಲೇ ನಿಗದಿಯಾಗಿರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣಿನ ಸೂಚನೆಯಾಗಿ ಸೊಂಟ ಮತ್ತು ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡುವುದು, ಊಟವನ್ನು ಕೂರಿಸಿಯೇ ಮಾಡಿಸುವುದು, ಇವಿಷ್ಟನ್ನು ಅವರಿಗೆ ಮಾಡಿ ತೋರಿಸಬೇಕು. ಬೆಂಗಳೂರಿನಲ್ಲಿರುವ ಮಕ್ಕಳು ಹಣ ಕಳಿಸಿದರೆ ಮುಗಿಯಿತೆಂದು ಭಾವಿಸಬಾರದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದು ವಾರ ಬಂದು ರಾತ್ರಿಯ ಪಾಳಿಯನ್ನು ಪೂರ್ತಿ ವಹಿಸಿಕೊಂಡರೆ ಅದು ದೊಡ್ಡ ಉಪಕಾರ.

ಜೂನ್‌ಗೆ ಮೊದಲು ಔಷಧಿ, ಡೈಪರ್, ಹೆಚ್ಚುವರಿ ಹಾಸು ಬಟ್ಟೆಗಳನ್ನು ಶೇಖರಿಸಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಕರೆಂಟ್ ಹೋದರೆ ಮೋಟಾರಿನ ಗಾಳಿಹಾಸಿಗೆಯೂ ನಿಲ್ಲುತ್ತದೆ.

ಕಾಗದಪತ್ರದ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದು, ಕೈಕಾಲು ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯೂ ಅದರಲ್ಲಿದೆ. ಇದು ತಿಳಿಯದೆ ಎಷ್ಟೋ ಕುಟುಂಬಗಳು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿಯನ್ನೇ ಹಾಕಿರುವುದಿಲ್ಲ. ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಿಕ್ಕಂದಿನಿಂದಲೇ ಚಲನೆಗೆ ಅಡ್ಡಿ), ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಕ್ಷೀಣಿಸುವ ಕಾಯಿಲೆ), ಮಲ್ಟಿಪಲ್ ಸ್ಕ್ಲೆರೋಸಿಸ್ (ಒಂದು ನರಮಂಡಲದ ಕಾಯಿಲೆ) ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ರಾಜ್ಯದ 2024-25ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಮೊತ್ತ ಚಿಕ್ಕದು, ಆದರೆ ಆರೈಕೆಯೂ ಕೆಲಸವೆಂದು ಸರ್ಕಾರ ಒಪ್ಪಿಕೊಂಡದ್ದು ಚಿಕ್ಕದಲ್ಲ. ಎಲ್ಲಿಂದ ಆರಂಭಿಸಬೇಕೆಂದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ರೋಗಿಗೆ 70 ವರ್ಷ ತುಂಬಿದ್ದರೆ, ಆದಾಯ ಎಷ್ಟೇ ಇರಲಿ, ಕೇಂದ್ರದ ಆಯುಷ್ಮಾನ್ ಆರೋಗ್ಯ ವಿಮಾ ಯೋಜನೆಯಲ್ಲಿ ಕುಟುಂಬದ ಆ ವಯಸ್ಸಿನವರಿಗೆ ಒಟ್ಟಾಗಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಅವಕಾಶವಿದೆ; ನಮ್ಮ ಕಡೆಯ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ದ ದಿನವೇ ಆರೈಕೆದಾರರೂ ತಮ್ಮ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬೇರೆ ದಿನ ಅವರಿಗೆ ಬಿಡುವು ಸಿಗುವುದಿಲ್ಲ. ನಿದ್ದೆಗೆಟ್ಟು ಸಿಟ್ಟು, ಅಳು ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಂದೆತಾಯಂದಿರಿಗೆ "ನಮ್ಮ ನಂತರ ಯಾರು?" ಎಂಬ ಪ್ರಶ್ನೆ ಬೇರೆಯೇ ಇದೆ. ಮಗುವಿಗೆ 18 ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ತಂದೆತಾಯಿ ಗಟ್ಟಿಯಾಗಿರುವಾಗಲೇ, ಮುಂದೆ ನೋಡಿಕೊಳ್ಳಲಿರುವ ಅಣ್ಣನನ್ನೋ ಚಿಕ್ಕಮ್ಮನನ್ನೋ ಕೂರಿಸಿಕೊಂಡು ಒಪ್ಪಿಸಿ ಈ ಅರ್ಜಿ ಹಾಕುವುದು ಸರಿ.