ಕರೆಂಟ್ ಬಂತು, ಮೇಲ್ ಸರ್ವರ್ ಏಳವಲ್ದು: ಎಲ್ಲಿಂದ ಹುಡುಕ್ಬೇಕು

ಪುಣೆಯಾಗ ಇರೋರಿಗೆ ಗುರುವಾರದ ಕಥಿ ಹೊಸದಾಗಿ ಹೇಳೋದು ಬ್ಯಾಡ. ಮೆಂಟೆನೆನ್ಸ್ ಅಂತ ಮುಂಜಾನೆ ಕರೆಂಟ್ ತಗೀತಾರ, ಭೋಸರಿ ಚಾಕಣ ಕಡೆ ಸಣ್ಣ ವರ್ಕ್‌ಶಾಪ್‌ಗಳಾಗ ಯುಪಿಎಸ್ ಬ್ಯಾಟರಿ ಸ್ವಲ್ಪ ಹೊತ್ತಿಗೇ ಕೈ ಎತ್ತತದ, ಮಧ್ಯಾಹ್ನ ಕರೆಂಟ್ ಬಂದ ಮ್ಯಾಲ ಎಲ್ಲಾ ಚಾಲೂ ಆಗ್ತದ, ಮೇಲ್ ಸರ್ವರ್ ಒಂದು ಬಿಟ್ಟು. ವಿಜಾಪುರ ಕಲಬುರ್ಗಿ ಕಡಿಂದ ಬಂದು ಇಲ್ಲಿ ಸಿಸ್ಟಮ್ ನೋಡ್ಕೊಳ್ಳೋ ನಮ್ಮ ಹುಡುಗ್ರು ಫೋನ್ ಮಾಡಿ ಕೇಳೋದು ಒಂದೇ: "ಅಣ್ಣಾ, ರೀಸ್ಟಾರ್ಟ್ ಹೊಡದು ಹೊಡದು ಸಾಕಾತು, ಏಳವಲ್ದು." ಹಿಂದ ಮಾಲಕರು "ಆರ್ಡರ್ ಮೇಲ್ ಎಲ್ಲಾ ಹೋತು" ಅಂತ ಒದರೋದೂ ಕೇಳಸ್ತಿರ್ತದ.

ಮೊದ್ಲು ಮಾಲಕರಿಗೆ ಸಮಾಧಾನ ಹೇಳ್ರಿ. ನಿಮ್ಮ ಸರ್ವರ್ ಬಂದ್ ಇದ್ರ ಕಳಿಸಿದವರ ಸರ್ವರ್ ಮೇಲ್ ಇಟ್ಕೊಂಡು ಮತ್ತ ಮತ್ತ ಪ್ರಯತ್ನ ಮಾಡ್ತದ, ಪೋಸ್ಟ್‌ಫಿಕ್ಸ್‌ನಾಗ (ಲಿನಕ್ಸ್ ಮಷಿನ್‌ನಾಗ ಮೇಲ್ ಕಳಿಸೋ, ತಗೊಳ್ಳೋ ಪ್ರೋಗ್ರಾಮ್) ಇದರ ಡಿಫಾಲ್ಟ್ 5 ದಿನ. ಒಂದು ತಾಸು ತಡ ಆದ್ರ ಯಾವ ಆರ್ಡರೂ ಹೋಗಂಗಿಲ್ಲ. ಇದನ್ನ ಯಾಕ ಹೇಳ್ತೀನಿ ಅಂದ್ರ ಗಡಿಬಿಡಿಯಾಗ ಪ್ಯಾಕೇಜ್ ತಗದು ಮತ್ತ ಇನ್‌ಸ್ಟಾಲ್ ಮಾಡೋರು ಭಾಳ ಮಂದಿ ಇದ್ದಾರ, ಅದ್ರಿಂದ ಇದ್ದ ಕಾನ್ಫಿಗ್ (ಸೆಟ್ಟಿಂಗ್ ಬರ್ದ ಫೈಲ್), ಕ್ಯೂ (ಹೋಗಾಕ ಕಾದು ಕುಂತ ಮೇಲ್) ಎರಡೂ ಅಪಾಯಕ್ಕ ಬೀಳ್ತಾವ, ಮೂಲ ತೊಂದ್ರಿ ಅಲ್ಲೇ ಉಳೀತದ.

ಇನ್ನೊಂದು ಮಾತು, ಕರೆಂಟ್ ಹೋಗಿದ್ದಕ್ಕ ಕೆಟ್ಟದ್ದು ಕಡಿಮಿ. ಹೆಚ್ಚಿನ ಸಲ ಯಾರೋ ಎರಡು ತಿಂಗಳ ಹಿಂದ ಕಾನ್ಫಿಗ್ ಫೈಲ್‌ನಾಗ ಏನೋ ಬದ್ಲಿ ಮಾಡಿ ರೀಸ್ಟಾರ್ಟ್ ಮಾಡದ ಬಿಟ್ಟಿರ್ತಾರ, ಹಳೇ ಪ್ರೊಸೆಸ್ ಹಳೇ ಕಾನ್ಫಿಗ್ ಮ್ಯಾಲ ಓಡ್ತಿರ್ತದ, ರೀಬೂಟ್ ಆದ ದಿನ ಆ ತಪ್ಪು ಹೊರಗ ಬೀಳ್ತದ. ಅದಕ್ಕ "ನಿನ್ನಿ ತನಕ ಛಲೋ ಇತ್ತು" ಅನ್ನೋ ಮಾತಿಗೆ ಮರುಳಾಗಬ್ಯಾಡ್ರಿ, ಫೈಲ್ ತಾರೀಖು ನೋಡ್ರಿ. ಇಟಿಸಿ ಒಳಗಿನ ಪೋಸ್ಟ್‌ಫಿಕ್ಸ್ ಮತ್ತ ಡವ್‌ಕಾಟ್ (ಬಂದ ಮೇಲ್ ಮಂದಿಗೆ ತೋರ್ಸೋ ಪ್ರೋಗ್ರಾಮ್) ಫೋಲ್ಡರ್‌ನಾಗ ಎಲ್‌ಎಸ್ ಹೈಫನ್ ಎಲ್‌ಟಿ ಹೊಡದ್ರ ಕಡಿಗೆ ಮುಟ್ಟಿದ ಫೈಲ್ ಮ್ಯಾಲೇ ಕಾಣ್ತದ. (ಕಮಾಂಡ್ ಎಲ್ಲಾ ಕನ್ನಡ ಅಕ್ಷರದಾಗ ಬರ್ದೀನಿ, ಟರ್ಮಿನಲ್‌ನಾಗ ಇಂಗ್ಲಿಷ್ ಸಣ್ಣ ಅಕ್ಷರದಾಗ ಹೊಡೀರಿ, ರೂಟ್ ಆಗಿ ಇಲ್ಲಾ ಸುಡೋ ಹಚ್ಚಿ.)

ಈಗ ಕೆಲಸಕ್ಕ ಬರೋಣು. ರೀಸ್ಟಾರ್ಟ್ ಹೊಡಿಯೋದು ನಿಲ್ಲಸ್ರಿ. ಸಿಸ್ಟಮ್‌ಡಿ (ಲಿನಕ್ಸ್‌ನಾಗ ಸರ್ವಿಸ್ ಎಬ್ಬಸೋದು, ನಿಲ್ಲಸೋದು ನೋಡ್ಕೊಳ್ಳೋ ಪ್ರೋಗ್ರಾಮ್) 10 ಸೆಕೆಂಡಿನಾಗ 5 ಸಲ ಮಾತ್ರ ಸ್ಟಾರ್ಟ್ ಮಾಡಗೊಡ್ತದ, ಅದ್ರ ಮ್ಯಾಲ "ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ" ಅಂತ ಬಾಗ್ಲಾ ಹಾಕ್ತದ, ಆಮ್ಯಾಲ ನೀವು ಈ ಸಾಲನ್ನೇ ಖರೇ ಕಾರಣ ಅಂತ ತಿಳ್ಕೊಂಡು ನೆಟ್‌ನಾಗ ಹುಡಕ್ಕೋತ ಕೂಡ್ತೀರಿ. ಹಂಗ ಆಗಿದ್ರ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್ ಹೊಡೀರಿ, ಒಂದೇ ಸಲ ಸ್ಟಾರ್ಟ್ ಮಾಡ್ರಿ, ಲಾಗ್ ಓದ್ರಿ.

ಲಾಗ್ ಓದೋದ್ರಾಗ ಡೆಬಿಯನ್ 12, ಉಬುಂಟು 22.04 ಇಂಥ ಲಿನಕ್ಸ್‌ಗಳಾಗ ಒಂದು ದೊಡ್ಡ ಮೋಸ ಅದ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಪೋಸ್ಟ್‌ಫಿಕ್ಸ್ ಅಂತ ಕೇಳಿದ್ರ ಹಸಿರು ಬಣ್ಣದಾಗ "ಆಕ್ಟಿವ್ (ಎಕ್ಸಿಟೆಡ್)" ಅಂತದ. ಅಂಗಡಿ ಹೊರಗ "ತೆರದದ" ಅಂತ ಬೋರ್ಡ್ ತೂಗಹಾಕಿ ಒಳಗ ಯಾರೂ ಇಲ್ಲದಂಗ. ಆ ಯುನಿಟ್ (ಸಿಸ್ಟಮ್‌ಡಿ ನೋಡ್ಕೊಳ್ಳೋ ಒಂದು ಸರ್ವಿಸ್) ಬರೇ ಹೆಸರಿಗೆ, ಅದು ಓಡಸೋದು "ಟ್ರೂ" ಅನ್ನೋ ಖಾಲಿ ಕಮಾಂಡ್, ಖರೇ ಕೆಲಸ ಮಾಡೋದು "ಪೋಸ್ಟ್‌ಫಿಕ್ಸ್@-" ಅನ್ನೋ ಯುನಿಟ್, ಅಂದ್ರ ಹೆಸರಿನ ಮುಂದ ಅಟ್ ಚಿಹ್ನಿ, ಅದ್ರ ಮುಂದ ಒಂದು ಹೈಫನ್. ಸ್ಟೇಟಸ್ ಅದ್ರದ್ದು ಕೇಳ್ರಿ, ಜರ್ನಲ್‌ಸಿಟಿಎಲ್ ಹೈಫನ್ ಯು ಕೊಟ್ಟು ಲಾಗೂ ಅದ್ರದ್ದೇ ತಗೀರಿ, ಜೊತಿಗೆ ಹೈಫನ್ ಬಿ ಹಚ್ಚಿದ್ರ ಈ ಬೂಟಿನದ್ದಷ್ಟೇ ಬರ್ತದ. ಇಲ್ಲಾಂದ್ರ ಸೀದಾ "ಪೋಸ್ಟ್‌ಫಿಕ್ಸ್ ಸ್ಟೇಟಸ್" ಅಂತ ಕೇಳ್ರಿ, ಅದು ಸುಳ್ಳು ಹೇಳಂಗಿಲ್ಲ. ಲಾಗ್ ಫೈಲ್ ಬೇಕಂದ್ರ ಡೆಬಿಯನ್ ಕಡೆ ಮೇಲ್ ಡಾಟ್ ಲಾಗ್, ರೆಡ್ ಹ್ಯಾಟ್ ಲಿನಕ್ಸ್, ಅದ್ರ ಜಾತಿಯ ಆಲ್ಮಾ ಕಡೆ ಮೇಲ್‌ಲಾಗ್, ಎರಡೂ ವಾರ್ ಲಾಗ್ ಫೋಲ್ಡರ್‌ನಾಗ. ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ (ಲಾಗ್ ಫೈಲ್ ಬರಿಯೋ ಪ್ರೋಗ್ರಾಮ್) ತಾನಾಗೇ ಬರಂಗಿಲ್ಲ, ಹಂಗಾಗಿ ಆ ಫೈಲ್ ಇಲ್ಲದಿದ್ರ ಗಾಬ್ರಿ ಆಗಬ್ಯಾಡ್ರಿ.

ಲಾಗ್‌ನಾಗ ಕಡೀ ಸಾಲು ಓದಬ್ಯಾಡ್ರಿ, "ಫೇಟಲ್" ಅಂತ ಬರೋ ಮೊದಲ್ನೇ ಸಾಲು ಹುಡುಕ್ರಿ. ಉಳದದ್ದು ಅದ್ರ ಬಾಲ.

ಗುರುವಾರದ ಕೇಸ್‌ನಾಗ ನಾನು ಜಾಸ್ತಿ ನೋಡೋ ಸಾಲು: "ಫೇಟಲ್: ಪ್ಯಾರಾಮೀಟರ್ ಐನೆಟ್_ಇಂಟರ್‌ಫೇಸಸ್: ನೋ ಲೋಕಲ್ ಇಂಟರ್‌ಫೇಸ್ ಫೌಂಡ್ ಫಾರ್" ಅಂದು ಮುಂದ ಒಂದು ಐಪಿ. ಆ ಐಪಿ ಯಾವ್ದು ಅನ್ನೋದ್ರ ಮ್ಯಾಲ ಮದ್ದು. ಅದು 192.168 ಇಂದ ಚಾಲೂ ಆಗೋ ನಿಮ್ಮ ಆಫೀಸಿನ ಐಪಿ ಇದ್ರ, ಕರೆಂಟ್ ಬಂದಾಗ ಸರ್ವರ್ ಮೊದ್ಲು ಎದ್ದದ, ರೌಟರ್ ಇನ್ನಾ ಕಣ್ಣು ಮಿಟಕಸ್ತದ, ಡಿಎಚ್‌ಸಿಪಿಯಿಂದ (ರೌಟರ್ ತಾನಾಗೇ ಐಪಿ ಹಂಚೋ ಪದ್ಧತಿ) ಐಪಿ ಸಿಗೋಕಿಂತ ಮೊದ್ಲ ಪೋಸ್ಟ್‌ಫಿಕ್ಸ್ ಕೈ ಚಾಚಿ ಬಿದ್ದದ. ಇದ್ರ ಗುರುತು ಏನಂದ್ರ ಐದು ನಿಮಿಷ ಬಿಟ್ಟು ಕೈಯಿಂದ ಸ್ಟಾರ್ಟ್ ಮಾಡಿದ್ರ ಛಲೋ ಏಳ್ತದ, ರೀಬೂಟ್ ಮಾಡಿದ್ರ ಮತ್ತ ಬೀಳ್ತದ. ಸರ್ವರ್‌ಗ ಸ್ಟ್ಯಾಟಿಕ್ (ಬದ್ಲಾಗದ) ಐಪಿ ಕೊಡ್ರಿ, ಅದೇ ಛಲೋ. ಅದು ಆಗಲ್ಲ ಅಂದ್ರ ಸಿಸ್ಟಮ್‌ಸಿಟಿಎಲ್ ಎಡಿಟ್‌ನಿಂದ ಖರೇ ಯುನಿಟ್‌ಗ ವಾಂಟ್ಸ್ ಮತ್ತ ಆಫ್ಟರ್ ಎರಡೂ ಕಡೆ ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್ ಅಂತ ಹಾಕ್ರಿ. ಇನ್ನ ಐಪಿ ಜಾಗದಾಗ ಎರಡು ಕೋಲನ್ ಮತ್ತ 1 ಇದ್ರ ಅದು ಐಪಿವಿ6 ಲೋಕಲ್‌ಹೋಸ್ಟ್, ಮಷಿನ್‌ನಾಗ ಯಾರೋ ಐಪಿವಿ6 ಬಂದ್ ಮಾಡ್ಯಾರ, ಮೇನ್ ಡಾಟ್ ಸಿಎಫ್‌ನಾಗ (ಪೋಸ್ಟ್‌ಫಿಕ್ಸ್‌ನ ಮುಖ್ಯ ಕಾನ್ಫಿಗ್ ಫೈಲ್) ಐನೆಟ್_ಪ್ರೋಟೋಕಾಲ್ಸ್ = ಐಪಿವಿ4 ಮಾಡಿದ್ರ ಮುಗೀತು.

ಎರಡ್ನೇದು, ಮೇನ್ ಡಾಟ್ ಸಿಎಫ್ ಫೈಲ್‌ನ ಸ್ವಭಾವ. ಈ ಫೈಲ್‌ನಾಗ ಸಾಲಿನ ಮೊದ್ಲಿಗೆ ಒಂದು ಸ್ಪೇಸ್ ಇದ್ರ ಅದು ಹೊಸ ಸಾಲಲ್ಲ, ಮ್ಯಾಲಿನ ಸಾಲಿನ ಮುಂದುವರಿಕಿ. ಮೈಹೋಸ್ಟ್‌ನೇಮ್ ಬರ್ದು ಕೆಳಗ ಎಲ್ಲಿಂದಲೋ ಕಾಪಿ ಪೇಸ್ಟ್ ಮಾಡಿದ ಸಾಲು ಒಂದು ಸ್ಪೇಸ್ ಜೊತಿಗೆ ಕುಂತಿದ್ರ ಪೋಸ್ಟ್‌ಫಿಕ್ಸ್ ಎರಡನ್ನೂ ಕೂಡಿಸಿ ಒಂದೇ ಹೋಸ್ಟ್‌ನೇಮ್ ಅಂತ ಓದ್ತದ, "ಬ್ಯಾಡ್ ಪ್ಯಾರಾಮೀಟರ್ ವ್ಯಾಲ್ಯೂ" ಅಂತ ಬೀಳ್ತದ, ನೀವು ಎಷ್ಟು ಸಲ ನೋಡಿದ್ರೂ ಕಣ್ಣಿಗೆ ಸ್ಪೆಲಿಂಗ್ ಎಲ್ಲಾ ಸರಿನೇ ಕಾಣ್ತದ. ಹಂಗೇ ಸಾಲಿನ ಕೊನೀಗೆ ಕಮೆಂಟ್ ಬರಿಯಂಗಿಲ್ಲ. ವರ್ಕ್‌ಶಾಪ್‌ನವ್ರಿಗೆ ದೊಡ್ಡ ಡ್ರಾಯಿಂಗ್ ಫೈಲ್ ಕಳಿಸ್ಬೇಕು ಅಂತ ಮೆಸೇಜ್_ಸೈಜ್_ಲಿಮಿಟ್ = 20480000 ಬರ್ದು ಬಾಜೂಕ ಹ್ಯಾಷ್ ಹಾಕಿ "20 ಎಂಬಿ" ಅಂತ ನೆನಪಿಗೆ ಬರ್ದಿರ್ತಾರ, ಆ ಹ್ಯಾಷೂ ಬೆಲಿಯ ಭಾಗ ಆಗಿ "ಬ್ಯಾಡ್ ನ್ಯೂಮರಿಕಲ್ ಕಾನ್ಫಿಗರೇಷನ್" ಬರ್ತದ. ಕಮೆಂಟ್ ಬೇಕಂದ್ರ ಬ್ಯಾರೆ ಸಾಲಿನಾಗ ಬರೀರಿ. "ಪೋಸ್ಟ್‌ಫಿಕ್ಸ್ ಚೆಕ್" ಹೊಡದು ನೋಡ್ರಿ, ಎಲ್ಲಾ ಸರಿ ಇದ್ರ ಅದು ಏನೂ ಮಾತಾಡಂಗಿಲ್ಲ, ಸುಮ್ನ ವಾಪಸ್ ಬರ್ತದ. ಪೋಸ್ಟ್‌ಕಾನ್ಫ್ ಹೈಫನ್ ಎನ್ ಹೊಡದ್ರ ನೀವು ಬದ್ಲಿ ಮಾಡಿದ ಸೆಟ್ಟಿಂಗ್ ಅದಕ್ಕ ಹೆಂಗ ಕಾಣ್ತದ ಅನ್ನೋದು ಬರ್ತದ, ಕೂಡಿಕೊಂಡ ಸಾಲು ಅಲ್ಲಿ ಥಟ್ ಅಂತ ಸಿಗ್ತದ.

"ಅಡ್ರೆಸ್ ಆಲ್ರೆಡಿ ಇನ್ ಯೂಸ್" ಬಂದ್ರ 25ನೇ ಪೋರ್ಟ್ (ಮೇಲ್ ಬರೋ ಬಾಗ್ಲಾ) ಮ್ಯಾಲ ಬ್ಯಾರೆ ಯಾರೋ ಕುಂತಾರ. ಎಸ್‌ಎಸ್ ಹೈಫನ್ ಎಲ್‌ಟಿಎನ್‌ಪಿ ಹೊಡೀರಿ, ಹೆಸರು ಬರ್ತದ. ಆಲ್ಮಾದಾಗ ಸೆಂಡ್‌ಮೇಲ್ ಅನ್ನೋ ಇನ್ನೊಂದು ಮೇಲ್ ಪ್ರೋಗ್ರಾಮ್ ಇರಬಹುದು, ಡಾಕರ್-ಪ್ರಾಕ್ಸಿ ಅಂತ ಇದ್ರ ಯಾವ್ದೋ ಡಾಕರ್ ಕಂಟೇನರ್ (ಡಬ್ಬಿ ಒಳಗ ಇಟ್ಟಂಗ ಓಡೋ ಬ್ಯಾರೆ ಪ್ರೋಗ್ರಾಮ್) ಹಿಡದದ. ಬ್ಯಾಡಾದ್ದನ್ನ ಡಿಸೇಬಲ್ ಮಾಡ್ರಿ, ಬರೇ ಸ್ಟಾಪ್ ಮಾಡಿದ್ರ ಮುಂದಿನ ಗುರುವಾರ ಮತ್ತ ಎದ್ದು ಕುಂಡ್ರತದ. ಮಾಸ್ಟರ್ ಅಂತ ಇದ್ರ ಅದು ಪೋಸ್ಟ್‌ಫಿಕ್ಸೇ, ಮೊದ್ಲೇ ಓಡ್ತದ. ಕರೆಂಟ್ ಹೋದ್ರ ಹಳೇ ಲಾಕ್ ಫೈಲ್ ಉಳೀತದ, ಅದನ್ನ ಅಳಿಸ್ಬೇಕು ಅಂತ ಸಲಹೆ ಕೊಡೋರು ಇದ್ದಾರ, ಕೇಳಬ್ಯಾಡ್ರಿ, ಆ ಲಾಕ್ ಕರ್ನಲ್ ಹಿಡದಿರ್ತದ, ಪ್ರೊಸೆಸ್ ಸತ್ತ ಕೂಡ್ಲೇ ಬಿಟ್ಟಿರ್ತದ.

ಡಿಸ್ಕ್ ನೋಡೋದು ಮರೀಬ್ಯಾಡ್ರಿ. ಡಿಎಫ್ ಹೈಫನ್ ಎಚ್ ಎಲ್ಲಾರೂ ನೋಡ್ತಾರ, ಹೈಫನ್ ಐ ನೋಡೋರು ಕಡಿಮಿ. ಕ್ಯೂನಾಗ ಒಂದೊಂದು ಮೇಲೂ ಒಂದೊಂದು ಸಣ್ಣ ಫೈಲ್, ಜಾಗ ಇದ್ರೂ ಐನೋಡ್ (ಫೈಲ್ ಒಂದಕ್ಕ ಒಂದರಂಗ ಬೇಕಾಗೋ ನಮೂದು) ಮುಗದು "ನೋ ಸ್ಪೇಸ್ ಲೆಫ್ಟ್" ಬರಬಹುದು. ಕರೆಂಟ್ ಥಟ್ಟನೆ ಹೋದ ಮಷಿನ್‌ನಾಗ ಫೈಲ್ ಸಿಸ್ಟಮ್ ರೀಡ್-ಓನ್ಲಿ ಆಗಿಯೂ ನಿಂತಿರ್ತದ, ಫೈಂಡ್‌ಮೌಂಟ್‌ನಾಗ "ಆರ್‌ಒ" ಕಂಡ್ರ ಮೇಲ್ ಬಿಡ್ರಿ, ಮೊದ್ಲು ಡಿಸ್ಕ್ ಚೆಕ್ ಮಾಡಸ್ರಿ, ಎಫ್‌ಎಸ್‌ಸಿಕೆ ಮೌಂಟ್ ಆಗಿದ್ದಾಗ ಮಾತ್ರ ಓಡಸಬ್ಯಾಡ್ರಿ.

ಆಲ್ಮಾದಾಗ ಪರ್ಮಿಷನ್ ಎಲ್ಲಾ ಸರಿ ಇದ್ದೂ "ಪರ್ಮಿಷನ್ ಡಿನೈಡ್" ಅಂದ್ರ ಕಾರಣ ಎಸ್‌ಇಲಿನಕ್ಸ್, ಫೈಲ್ ಮ್ಯಾಲಿನ ಲೇಬಲ್ ನೋಡಿ ಒಳಗ ಬಿಡೋ ಕಾವಲುಗಾರ. ಹೋಮ್ ಫೋಲ್ಡರ್‌ನಾಗ ತಿದ್ದಿ ಎಂವಿ ಮಾಡಿ ತಂದ ಫೈಲ್ ಹಳೇ ಲೇಬಲ್ ಹೊತ್ಕೊಂಡೇ ಬರ್ತದ. ರೀಸ್ಟೋರ್‌ಕಾನ್ ಹೈಫನ್ ಆರ್‌ವಿ (ಆರ್ ದೊಡ್ಡದು) ಕೊಟ್ಟು ಪೋಸ್ಟ್‌ಫಿಕ್ಸ್ ಫೋಲ್ಡರ್ ಮ್ಯಾಲ ಓಡಸ್ರಿ. ಎಸ್‌ಇಲಿನಕ್ಸೇ ಬಂದ್ ಮಾಡೋದು ನಮ್ಮವ್ರ ಹಳೇ ಚಟ, ಮಾಡಬ್ಯಾಡ್ರಿ. ರೆಡ್ ಹ್ಯಾಟ್ 10 ಸಾಲಿಗೆ ಅಪ್‌ಗ್ರೇಡ್ ಆದ ಮ್ಯಾಲ "ಅನ್‌ಸಪೋರ್ಟೆಡ್ ಡಿಕ್ಷನರಿ ಟೈಪ್: ಹ್ಯಾಷ್" ಅಂದ್ರ ಹ್ಯಾಷ್ ಫೈಲ್ ಓದೋ ಬರ್ಕ್ಲಿ ಡಿಬಿ ತಗದಾರ, ಹ್ಯಾಷ್ ಇದ್ದಲ್ಲೆಲ್ಲಾ ಎಲ್‌ಎಂಡಿಬಿ ಮಾಡಿ ಪೋಸ್ಟ್‌ಮ್ಯಾಪ್, ನ್ಯೂಅಲಿಯಾಸಸ್ ಮತ್ತ ಓಡಸ್ರಿ.

ಪೋಸ್ಟ್‌ಫಿಕ್ಸ್ ಎದ್ದೂ ಮಂದಿ "ಔಟ್‌ಲುಕ್ ಪಾಸ್‌ವರ್ಡ್ ಕೇಳ್ತದ" ಅಂದ್ರ ಡವ್‌ಕಾಟ್ ಮಲಗಿರ್ತದ. ಲಾಗಿನ್ ಪರೀಕ್ಷೆಯನ್ನ ಡವ್‌ಕಾಟ್‌ಗ ಒಪ್ಪಿಸಿದ್ರ ಅದು ಏಳದಿದ್ರ ಮೇಲ್ ಕಳಿಸೋದೂ ನಿಲ್ತದ. ಡವ್‌ಕಾನ್ಫ್ ಹೈಫನ್ ಎನ್ ಹೊಡದ್ರ ತಪ್ಪು ಎಲ್ಲಿ ಅಂತ ಫೈಲ್ ಹೆಸರು, ಸಾಲಿನ ನಂಬರ್ ಸಮೇತ ಹೇಳ್ತದ, ಈ ವಿಷಯದಾಗ ಪೋಸ್ಟ್‌ಫಿಕ್ಸ್‌ಗಿಂತ ಇದು ಒಳ್ಳೇದು. 2025ರಾಗ ಬಂದ ಡವ್‌ಕಾಟ್ 2.4 ಹಳೇ ಕಾನ್ಫಿಗ್ ಒಪ್ಪಂಗಿಲ್ಲ, ಡೆಬಿಯನ್ 13ಕ್ಕ ಅಪ್‌ಗ್ರೇಡ್ ಆದವ್ರೆಲ್ಲಾ ಇದಕ್ಕ ಸಿಗ್ತಾರ. ಮೊದಲ್ನೇ ಸೆಟ್ಟಿಂಗ್ ಡವ್‌ಕಾಟ್_ಕಾನ್ಫಿಗ್_ವರ್ಷನ್ ಇರ್ಲೇಬೇಕು, ಮೇಲ್_ಲೊಕೇಷನ್ ಹೋಗಿ ಮೇಲ್_ಡ್ರೈವರ್ ಮೇಲ್_ಪಾತ್ ಬಂದಾವ. ಸರ್ಟಿಫಿಕೇಟ್ ಸಾಲಿನಾಗ 2.3ಕ್ಕ ಪಾತ್ ಮುಂದ "<" ಚಿಹ್ನಿ ಬೇಕು, 2.4ರಾಗ ಹೆಸರೇ ಎಸ್‌ಎಸ್‌ಎಲ್_ಸರ್ವರ್_ಸರ್ಟ್_ಫೈಲ್ ಆಗ್ಯದ, ಅಲ್ಲಿ ಆ ಚಿಹ್ನಿ ಬ್ಯಾಡ. ಸರ್ಟಿಫಿಕೇಟ್ ಅವಧಿ ಮುಗದ್ರ ಡವ್‌ಕಾಟ್ ಏಳ್ತದ, ಫೈಲೇ ಸಿಗದಿದ್ರ ಏಳಂಗಿಲ್ಲ, ಇವೆರಡನ್ನ ಕಲಸಬ್ಯಾಡ್ರಿ. ಹಳೇ ಪಿಸಿನೇ ಸರ್ವರ್ ಮಾಡಿದ್ರ ಮದರ್‌ಬೋರ್ಡ್ ಸೆಲ್ ಸತ್ತು ತಾರೀಖು ಹಿಂದ ಹೋಗಿರ್ತದ, ಆಗ ಸರ್ಟಿಫಿಕೇಟ್ "ಇನ್ನಾ ಚಾಲೂ ಆಗಿಲ್ಲ" ಅಂತ ತಕರಾರು ಬರ್ತದ, ಟೈಮ್‌ಡೇಟ್‌ಸಿಟಿಎಲ್ ಒಮ್ಮೆ ನೋಡ್ರಿ.

ಎದ್ದದ ಅನಸಿದ ಮ್ಯಾಲ ಎನ್‌ಸಿ ಲೋಕಲ್‌ಹೋಸ್ಟ್ 25 ಹೊಡೀರಿ, 220 ಅಂತ ನಂಬರ್ ಜೊತಿಗೆ ನಿಮ್ಮ ಹೋಸ್ಟ್‌ನೇಮ್ ಬರ್ಬೇಕು. ಬಂತಂದ್ರ ಪೋಸ್ಟ್‌ಕ್ಯೂ ಹೈಫನ್ ಪಿ ಇಂದ ಎಷ್ಟು ಮೇಲ್ ಕಾದು ಕುಂತಾವ ನೋಡ್ರಿ, ಹೈಫನ್ ಎಫ್ ಕೊಟ್ರ ಹೊರಡ್ತಾವ. ನೆಟ್‌ನಾಗ ಎಲ್ಲರ "ಪೋಸ್ಟ್‌ಸೂಪರ್ ಹೈಫನ್ ಡಿ ಆಲ್" ಕಂಡ್ರ ಅದು ಕ್ಯೂ ಖಾಲಿ ಮಾಡೋ ಕಮಾಂಡ್ ಖರೇ, ಖಾಲಿ ಮಾಡೋದು ಮೇಲ್ ಅಳಿಸಿ. ಮಾಲಕರು ಬಾಜೂಕ ನಿಂತಾಗ ಅದನ್ನ ಮುಟ್ಟಲೇಬ್ಯಾಡ್ರಿ.