ಮಗಳಿಗೆ ಪಹಣಿ ಓದಲು ಕಲಿಸಿದೆ

ಮಗಳನ್ನು ಗಂಡುಮಗನ ಹಾಗೆ ಬೆಳೆಸಿದ್ದೀಯ ಎಂದು ನೆಂಟರು ಹೊಗಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಹೆಣ್ಣಾಗಿಯೇ ಇದ್ದು ತನ್ನ ಪಾಲನ್ನು ತಲೆ ಎತ್ತಿ ಕೇಳಬೇಕು, ಅದು ನನ್ನ ಆಸೆ.

ಮನೆಯಲ್ಲಿ ಉಂಡ ತಟ್ಟೆಯನ್ನು ಮಗನೂ ತೊಳೆಯುತ್ತಾನೆ, ಮಗಳೂ ತೊಳೆಯುತ್ತಾಳೆ. ಅವನು ಕಸ ಗುಡಿಸಿದರೆ ಅತ್ತೆಗೆ ಮೊದಮೊದಲು ಕಸಿವಿಸಿ. ಈಗ ಅವರೇ ಪೊರಕೆ ಕೊಡುತ್ತಾರೆ. ಮುಟ್ಟಾದಾಗ ಮಗಳನ್ನು ಹೊರಗೆ ಕೂರಿಸಲಿಲ್ಲ. ಅವಳಪ್ಪನೇ ಅಂಗಡಿಯಿಂದ ಪ್ಯಾಡ್ ತರುತ್ತಾರೆ, ಪೇಪರಿನಲ್ಲಿ ಸುತ್ತುವುದು ಬೇಡ ಎಂದು ಹೇಳಿಯೇ ತರುತ್ತಾರೆ.

ಆದರೆ ಆಸ್ತಿ ಎಂದ ಕೂಡಲೇ ಓದಿದ ಹೆಣ್ಣುಮಕ್ಕಳೂ ಸುಮ್ಮನಾಗಿಬಿಡುತ್ತಾರೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಣ್ಣ ಹಕ್ಕು ಖುಲಾಸೆ ಪತ್ರ, ಅಂದರೆ ನಮ್ಮ ಪಾಲು ಬಿಟ್ಟುಕೊಟ್ಟೆವು ಎನ್ನುವ ಪತ್ರ, ಬರೆಸಿಕೊಂಡು ಬಂದ. "ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತೀನಮ್ಮ, ಸಹಿ ಹಾಕಿಬಿಡು" ಎಂದ. ಅಕ್ಕ ಆಗಲೇ ಪೆನ್ನು ಕೈಗೆತ್ತಿಕೊಂಡಿದ್ದಳು. ಹತ್ತನೇ ಕ್ಲಾಸಿನ ಮಗಳನ್ನು ನಾನು ಒಳಗೆ ಕಳಿಸಲಿಲ್ಲ. ಜಮೀನಿನ ದಾಖಲೆ ಪಹಣಿಯನ್ನು ಅವಳ ಕೈಗೆ ಕೊಟ್ಟೆ. ಒಂಬತ್ತನೇ ಕಾಲಂ ತೋರಿಸಿ, ಮಾಲೀಕರ ಹೆಸರು ಇಲ್ಲಿರುತ್ತೆ, ಓದು ಎಂದೆ. ಇನ್ನೂ ಅವಳ ತಾತನ, ಅಂದರೆ ನಮ್ಮಪ್ಪನ ಹೆಸರೇ ಇತ್ತು. ಒಟ್ಟು 3 ಎಕರೆ 30 ಗುಂಟೆ. ಅಣ್ಣ, ಅಕ್ಕ, ನಾನು ಮೂವರಿಗೆ ಎಂದು ಬೆರಳು ಮಡಿಚಿ ಲೆಕ್ಕ ಹಾಕಿದಳು. "ಹಾಗಾದ್ರೆ ಮಾವ, ಒಬ್ಬೊಬ್ಬರಿಗೆ 1 ಎಕರೆ 10 ಗುಂಟೆ, ಅಲ್ವಾ?"

"ನಂಗೆಲ್ಲಿ ಬರುತ್ತೆ? ನನ್ನ ಮದುವೆ ಯಾವಾಗಲೋ ಆಯ್ತಲ್ಲ" ಎಂದಳು ಅಕ್ಕ. ಅವಳ ಮಾತಿಗೂ ಕಾರಣವಿತ್ತು. ಕರ್ನಾಟಕದಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕಾನೂನು 1994ರಲ್ಲಿ ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದನ್ನೆಲ್ಲ ಮಗಳ ಮುಂದೆಯೇ ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

ಅಣ್ಣ ಮಾತು ಬಿಟ್ಟ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅಳು ಬಂತು, ಮಗಳ ಮುಂದೆಯೇ ಅತ್ತುಬಿಟ್ಟೆ. ಪಾಲು ಕೇಳಿದರೆ ಇಂಥದ್ದೂ ಆಗುತ್ತದೆ ಎಂದು ಅವಳಿಗೂ ಗೊತ್ತಿರಲಿ ಅನ್ನಿಸಿತು. ಮುಂದೆ ಅಣ್ಣನೇ ಸರ್ವೆಯವರನ್ನು ಕರೆಸಿದ. ಈಗ ಮೂವರ ಹೆಸರಿಗೂ ಬೇರೆ ಬೇರೆ ಪಹಣಿ ಇದೆ.

ನಮ್ಮ ಮನೆ, ಸೈಟು ಮಗನಿಗೂ ಮಗಳಿಗೂ ಅರ್ಧರ್ಧ ಎಂದು ನಾವಿಬ್ಬರೂ ಉಯಿಲು ಬರೆದಿದ್ದೇವೆ. ಇಬ್ಬರನ್ನೂ ಕೂರಿಸಿ ಓದಿಸಿದ್ದೂ ಆಗಿದೆ.